ಕಡಿಮೆ ದುಡ್ಡಿನ ಆಟದ ಪುಸ್ತಕಕ್ಕೆ ಚಿತ್ರ ಎಲ್ಲಿಂದ?

15ನೇ ಶತಮಾನದಲ್ಲಿ, ಮಹಮೂದ್ ಗವಾನ್ ಬಹಮನಿ ರಾಜ್ಯದ ಮಂತ್ರಿಯಾಗಿದ್ದ ಕಾಲಕ್ಕೆ, ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಬೀದರಿಗೆ ಬಂದಿದ್ದ. ಅವನ ಪ್ರವಾಸ ಕಥನದಲ್ಲಿ ಆಳಂದದ ಕಡೆಯ ಒಂದು ಹಕ್ಕಿಯ ಮಾತು ಬರುತ್ತದೆ. ಅದರ ಹೆಸರು ಗುಕುಕ್. ರಾತ್ರಿ ಕೂಗುತ್ತ ಹಾರುವ ಅದು ಯಾರ ಮಾಳಿಗೆಯ ಮೇಲೆ ಕೂರುತ್ತದೋ ಆ ಮನೆಯಲ್ಲಿ ಸಾವಾಗುತ್ತದೆ. ಕೊಲ್ಲಲು ಹೋದವರಿಗೆ ಅದರ ಕೊಕ್ಕಿನಿಂದ ಬೆಂಕಿ ಹೊರಡುವುದು ಕಾಣುತ್ತದೆ. ಕಾಡಿನ ಮಂಗಗಳಿಗೆ ಒಬ್ಬ ದೊರೆಯಿದ್ದಾನೆ, ತನ್ನವರಿಗೆ ಕೇಡು ಮಾಡಿದವರ ಮೇಲೆ ಅವನು ದಂಡು ಕಳಿಸುತ್ತಾನೆ ಎಂದೂ ನಿಕಿತಿನ್ ಬರೆದಿದ್ದಾನೆ. ಬೀದರ್ ಸೀಮೆಯನ್ನು ಹಿನ್ನೆಲೆಯಾಗಿಟ್ಟುಕೊಂಡು ಕನ್ನಡದಲ್ಲಿ ಪಾತ್ರಾಭಿನಯದ ಆಟವೊಂದನ್ನು ಬರೆಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಡ. ಆದರೆ ಗುಕುಕ್‌ನ ಚಿತ್ರ ಬೇಕೆಂದು ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಸಿಗುವುದು ಗೂಬೆಯ ಫೋಟೊ. ಆ ಹಕ್ಕಿಯನ್ನು ಯಾರಾದರೂ ಕೂತು ಬರೆದುಕೊಡಬೇಕು, ಬರೆದವರಿಗೆ ದುಡ್ಡು ಕೊಡಬೇಕು. ಆಟ ಬರೆಯುವವರ ಕೈಯಲ್ಲಿ ಸಾಮಾನ್ಯವಾಗಿ ಇಲ್ಲದಿರುವುದು ಅದೇ.

ಈ ಬಗೆಯ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡುತ್ತಾರೆ, ಏನಾಗುತ್ತದೆ ಎನ್ನುವುದನ್ನು ದಾಳ ತೀರ್ಮಾನಿಸುತ್ತದೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇದಕ್ಕೆ ದಾರಿ ಹಾಕಿತು. ಇಲ್ಲಿ ಹಾಸು, ಕಾಯಿ ಇರಲೇಬೇಕೆಂದಿಲ್ಲ. ನಿಯಮ ಮತ್ತು ಲೋಕವನ್ನು ವಿವರಿಸುವ ಪುಸ್ತಕವೇ ಆಟ. ಹಾಗಾಗಿ ಚಿತ್ರದ ಮೇಲೆ ಭಾರ ಹೆಚ್ಚು. ಅರಮನೆಯ ಬಾಗಿಲು ಹೇಗಿದೆ, ಸಿಪಾಯಿ ಏನು ತೊಟ್ಟಿದ್ದಾನೆ ಎನ್ನುವುದನ್ನು ಆಡುವವರು ಓದಿ ತಿಳಿಯುವುದಕ್ಕಿಂತ ಮೊದಲು ಕಣ್ಣಲ್ಲಿ ನೋಡಿ ಒಪ್ಪಿಕೊಳ್ಳುತ್ತಾರೆ. ಭಾಲ್ಕಿಯಲ್ಲೋ, ಔರಾದಿನಲ್ಲೋ, ಬೀದರಿನ ಕಾಲೇಜು ಹಾಸ್ಟೆಲಿನಲ್ಲೋ ಕೂತು ನೂರು ಪ್ರತಿಯ ಆಟ ಅಚ್ಚು ಹಾಕಿಸಬೇಕೆನ್ನುವವರಿಗೆ ಚಿತ್ರದ ಖರ್ಚೇ ಮುದ್ರಣದ ಖರ್ಚನ್ನು ಮೀರುತ್ತದೆ.

ಮೊದಲು ಕೇಳಿಕೊಳ್ಳಬೇಕಾದದ್ದು ಎಷ್ಟು ಚಿತ್ರ ಬೇಕು ಎಂದು. ದೊಡ್ಡ ಕಂಪನಿಗಳ ಪುಟಪುಟದ ಬಣ್ಣದ ಚಿತ್ರ ನೋಡಿ ಬೆಳೆದ ಕಣ್ಣು ನಮ್ಮ ಪುಸ್ತಕವೂ ಹಾಗೇ ಇರಬೇಕೆಂದು ಬಯಸುತ್ತದೆ. ಆದರೆ 1974ರ ಆ ಮೊದಲ ಪುಸ್ತಕಗಳು ಕಂದು ರಟ್ಟಿನ ಮೂರು ಸಣ್ಣ ಹೊತ್ತಗೆಗಳು, ಅಚ್ಚಾದದ್ದು 1,000 ಪ್ರತಿ. ಚಿತ್ರ ಬರೆದವರಲ್ಲಿ ಹವ್ಯಾಸಿ ಹುಡುಗರಿದ್ದರು, ಸಂದಾಯವಾದದ್ದು ಕೆಲವೇ ಡಾಲರ್. ಕೆಲವು ಚಿತ್ರಗಳನ್ನು ಕಾಮಿಕ್ಸ್ ಪುಸ್ತಕ ನೋಡಿ ಇಳಿಸಿದ್ದರು ಎನ್ನುವುದೂ ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಆ ದಾರಿ ಯಾರೂ ಹಿಡಿಯಬಾರದು. 2013ರಲ್ಲಿ ಜಾನ್ ಹಾರ್ಪರ್ ಬರೆದ ‘ಲೇಸರ್ಸ್ ಅಂಡ್ ಫೀಲಿಂಗ್ಸ್’ ಇಡೀ ಆಟ ಒಂದೇ ಪುಟದಲ್ಲಿದೆ. ಸ್ವೀಡನ್ನಿನ ‘ಮೋರ್ಕ್ ಬೋರ್ಗ್’ ಆಟದಲ್ಲಿ ಕಲಾವಿದ ಯೋಹಾನ್ ನೋರ್ ತನ್ನ ಚಿತ್ರಗಳ ಜೊತೆಗೆ ಹಕ್ಕು ಮುಗಿದ ಹಳೆಯ ಚಿತ್ರಗಳನ್ನೂ ಬೆರೆಸಿ, ಅಕ್ಷರವಿನ್ಯಾಸವನ್ನೇ ಚಿತ್ರವಾಗಿಸಿ, ಜಗತ್ತಿನ ಗಮನ ಸೆಳೆದ. ಹೀಗಾಗಿ ಒಂದು ಒಳ್ಳೆಯ ಮುಖಪುಟ, ಒಂದು ನಕಾಶೆ, ಅಧ್ಯಾಯಕ್ಕೊಂದು ಸಣ್ಣ ಚಿತ್ರ, ಅಂಚಿಗೊಂದು ಬಳ್ಳಿ ಇದ್ದರೆ ಪುಸ್ತಕ ನಿಲ್ಲುತ್ತದೆ. ಅಕ್ಷರಕ್ಕೆ ಅಕಾಯ ಕನಡಕ, ಬಾಲೂ ತಮ್ಮ, ಟಿರೊ ಕನ್ನಡ, ನವಿಲು ಮುಂತಾದ ಮುಕ್ತ ಫಾಂಟುಗಳಿವೆ, ದುಡ್ಡು ಕೊಡಬೇಕಿಲ್ಲ. ಶೀರ್ಷಿಕೆಯ ಅಕ್ಷರವನ್ನು ಮಾತ್ರ ಬೋರ್ಡ್ ಬರೆಯುವ ಪೇಂಟರ್ ಒಬ್ಬರ ಕೈಯಲ್ಲಿ ಬರೆಸಿ ಸ್ಕ್ಯಾನ್ ಮಾಡಿಸಿದರೆ ಯಾವ ಫಾಂಟೂ ಕೊಡದ ಚೆಲುವು ಬರುತ್ತದೆ.

ಬಿಟ್ಟಿ ಸಿಗುವ ಚಿತ್ರಗಳ ಸಂಗತಿಗೆ ಬರೋಣ. ಕಳೆದ ಹತ್ತು–ಹದಿನೈದು ವರ್ಷಗಳಲ್ಲಿ ದೊಡ್ಡ ವಸ್ತುಸಂಗ್ರಹಾಲಯಗಳು ತಮ್ಮ ಹಳೆಯ ಕೃತಿಗಳ ಚಿತ್ರಗಳನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸುವಂತೆ ಬಿಟ್ಟಿವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರ ಫೆಬ್ರುವರಿಯಲ್ಲಿ 3,75,000ದಷ್ಟು ಚಿತ್ರಗಳನ್ನು ಯಾವ ಷರತ್ತೂ ಇಲ್ಲದ ಸಿಸಿ ಝೀರೊ ಅಡಿಯಲ್ಲಿ ಬಿಡುಗಡೆ ಮಾಡಿತು. ಕ್ಲೀವ್‌ಲ್ಯಾಂಡ್ ಮ್ಯೂಸಿಯಂ 2019ರಲ್ಲಿ, ಸ್ಮಿತ್‌ಸೋನಿಯನ್ 2020ರಲ್ಲಿ ಅದೇ ಹೆಜ್ಜೆ ಇಟ್ಟವು. ಬ್ರಿಟಿಷ್ ಲೈಬ್ರರಿ 2013ರಲ್ಲಿ 17ರಿಂದ 19ನೇ ಶತಮಾನದವರೆಗಿನ ಪುಸ್ತಕಗಳಿಂದ ಹತ್ತು ಲಕ್ಷ ಚಿತ್ರ ಹೊರತೆಗೆದು ಹಾಕಿದೆ. ಹಳೆಯ ಪ್ರವಾಸ ಗ್ರಂಥಗಳ ಕೋಟೆ, ಒಂಟೆ, ಬಜಾರುಗಳ ಕೆತ್ತನೆಯ ಅಚ್ಚುಚಿತ್ರಗಳು ಅದರಲ್ಲಿವೆ. ನಮಗೆ ಮುಖ್ಯವಾದ ಮಾತೆಂದರೆ, ಮೆಟ್ರೊಪಾಲಿಟನ್ನಿನ ಸಂಗ್ರಹದಲ್ಲಿ ದಖ್ಖನಿ ಸುಲ್ತಾನರ ಕಾಲದ ಚಿತ್ರಗಳೂ 17ನೇ ಶತಮಾನದ ಬಿದ್ರಿ ಹುಕ್ಕಾ ಪಾತ್ರೆಗಳೂ ಇವೆ. ನಮ್ಮೂರಿನ ಕುಸುರಿಯನ್ನು ಭಾಲ್ಕಿಯಲ್ಲಿ ಕೂತವರು ನ್ಯೂಯಾರ್ಕಿನಿಂದ ಇಳಿಸಿಕೊಳ್ಳಬಹುದು. ಹಾಗೆಂದು ಎಲ್ಲ ಸಂಗ್ರಹಾಲಯವೂ ಒಂದೇ ಎಂದುಕೊಳ್ಳಬಾರದು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ವ್ಯಾಪಾರದ ಬಳಕೆಗೆ ಪ್ರತ್ಯೇಕ ಶುಲ್ಕ ಕೇಳುತ್ತದೆ. ಬಿಜಾಪುರದಲ್ಲಿ 1570ರಲ್ಲಿ ತಯಾರಾದ ‘ನುಜೂಮ್ ಅಲ್ ಉಲೂಮ್’ ಎಂಬ ಜ್ಯೋತಿಷ-ಮಂತ್ರವಿದ್ಯೆಯ ಸಚಿತ್ರ ಹಸ್ತಪ್ರತಿ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ದೇವತೆ, ಗ್ರಹ, ಆಯುಧಗಳ ಅದರ ಚಿತ್ರಗಳು ಇಂಥ ಆಟಕ್ಕೆಂದೇ ಬರೆದಂತಿವೆ. ಬಳಸುವ ಮೊದಲು ಆ ಪುಟದ ಕೆಳಗಿನ ಷರತ್ತು ಓದಲೇಬೇಕು.

ನಮ್ಮ ಸೀಮೆಯದೇ ಹಳೆಯ ಗ್ರಂಥವೂ ಇದೆ. ಜೇಮ್ಸ್ ಬರ್ಜೆಸ್ ಬೀದರ್ ಮತ್ತು ಔರಂಗಾಬಾದ್ ಜಿಲ್ಲೆಗಳ ಪ್ರಾಚೀನ ಅವಶೇಷಗಳ ವರದಿಯನ್ನು 1878ರಲ್ಲಿ ಪ್ರಕಟಿಸಿದ. ಅವನು ತೀರಿಕೊಂಡದ್ದು 1916ರಲ್ಲಿ. ಭಾರತದ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಕೃತಿಕಾರ ತೀರಿಕೊಂಡ ಮರುವರ್ಷದಿಂದ 60 ವರ್ಷ ಎಣಿಸಬೇಕು. ಅವನ ಹಕ್ಕು ಎಂದೋ ಮುಗಿದಿದೆ. ಗುಲಾಂ ಯಜ್ದಾನಿಯವರು 1947ರಲ್ಲಿ ಬರೆದ ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಗ್ರಂಥದಲ್ಲಿ ಕೋಟೆ, ಮಸೀದಿ, ಗೋರಿಗಳ ಅಳತೆಯ ನಕ್ಷೆಗಳಿವೆ. ನೇರವಾಗಿ ಅಚ್ಚು ಹಾಕುವುದಕ್ಕಿಂತ ಅವನ್ನು ಎದುರಿಗಿಟ್ಟುಕೊಂಡು ಹೊಸ ನಕಾಶೆ ಬರೆಸುವುದು ಲೇಸು.

ಹಳೆಯದು ಎಂದರೆ ಎಲ್ಲವೂ ಬಿಟ್ಟಿ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ತಪ್ಪು. ಕಲಬುರಗಿಯ ಎಸ್.ಎಂ. ಪಂಡಿತರ ಪುರಾಣದ ಚಿತ್ರಗಳು ಕ್ಯಾಲೆಂಡರುಗಳ ಮೂಲಕ ಮನೆಮನೆಯ ಗೋಡೆಗೆ ಬಂದವು. ಹಳದಿ ತಿರುಗಿದ ಆ ಕ್ಯಾಲೆಂಡರಿನ ಹನುಮಂತನನ್ನು ಸ್ಕ್ಯಾನ್ ಮಾಡಿ ಹಾಕಿದರೆ ಯಾರು ಕೇಳುತ್ತಾರೆ ಅನಿಸುತ್ತದೆ. ಪಂಡಿತರು ತೀರಿಕೊಂಡದ್ದು 1993ರಲ್ಲಿ, ಅವರ ಕೃತಿಗಳ ಹಕ್ಕು 2053ರ ಕೊನೆಯವರೆಗೂ ಜೀವಂತ. 1906ರಲ್ಲಿ ತೀರಿಕೊಂಡ ರಾಜಾ ರವಿವರ್ಮರದು ಮುಕ್ತ. 1965ರಲ್ಲಿ ತೀರಿಕೊಂಡ ಮೈಸೂರಿನ ಕೆ. ವೆಂಕಟಪ್ಪನವರದು 2026ರ ಜನವರಿಯಿಂದ ಮುಕ್ತ. ಕಟ್ಟಡ ಹಳೆಯದಾದರೂ ಅದರ ಫೋಟೊ ತೆಗೆದವರ ಹಕ್ಕು ಹೊಸದು ಎನ್ನುವುದನ್ನೂ ನೆನಪಿಡಬೇಕು. ಬೀದರಿನ ಗವಾನ್ ಮದರಸಾ 1472ರದು, ಅದರ ಫೋಟೊ ಹೋದ ವಾರದ್ದು. ಇದಕ್ಕೆ ಸುಲಭದ ಪರಿಹಾರವೆಂದರೆ ನಾವೇ ಹೋಗಿ ಮೊಬೈಲಿನಲ್ಲಿ ತೆಗೆಯುವುದು. ಸಾರ್ವಜನಿಕ ಜಾಗದಲ್ಲಿ ಕಾಯಮ್ಮಾಗಿ ಇರುವ ಶಿಲ್ಪವನ್ನು ನೋಡಿ ಬರೆದುಕೊಳ್ಳಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಹುಮನಾಬಾದ್ ತಾಲೂಕಿನ ಜಲಸಂಗಿಯ ದೇವಸ್ಥಾನದ ಹೊರಗೋಡೆಯಲ್ಲಿ ಆರನೇ ವಿಕ್ರಮಾದಿತ್ಯನ ಕುರಿತು ಶಾಸನ ಬರೆಯುತ್ತ ನಿಂತ ಹೆಣ್ಣಿನ ಶಿಲ್ಪವಿದೆ. ಯಾವ ಆಟದ ಲಿಪಿಕಾರ್ತಿಗೂ ಅದಕ್ಕಿಂತ ಒಳ್ಳೆಯ ಮಾದರಿ ಹುಡುಕಬೇಕಿಲ್ಲ.

ವಿಕಿಮೀಡಿಯ ಕಾಮನ್ಸ್‌ನಲ್ಲಿ ಬೀದರಿನ ಸ್ಮಾರಕಗಳ ಫೋಟೊಗಳು ಸಾಕಷ್ಟಿವೆ, ಆದರೆ ಹೆಚ್ಚಿನವಕ್ಕೆ ಕ್ರಿಯೇಟಿವ್ ಕಾಮನ್ಸ್ ಷರತ್ತಿದೆ. ಬಿವೈ ಎಂದಿದ್ದರೆ ತೆಗೆದವರ ಹೆಸರು ಹಾಕಬೇಕು. ಎಸ್‌ಎ ಸೇರಿದ್ದರೆ ಆ ಚಿತ್ರವನ್ನು ತಿದ್ದಿ ಮಾಡಿದ ಹೊಸ ಚಿತ್ರವನ್ನೂ ಅದೇ ಷರತ್ತಿನಲ್ಲಿ ಬಿಡಬೇಕು. ಬೇರೆ ತಾಣಗಳ ಚಿತ್ರಕ್ಕೆ ಎನ್‌ಸಿ ಎಂದಿದ್ದರೆ ಐವತ್ತು ರೂಪಾಯಿಗೆ ಮಾರುವ ಪುಸ್ತಕದಲ್ಲೂ ಹಾಕುವಂತಿಲ್ಲ. ಕತ್ತಿ, ದೀಪ, ಬೀಗ, ಹಾವು ಇಂಥ ಪುಟ್ಟ ಗುರುತುಗಳಿಗೆ ಗೇಮ್-ಐಕಾನ್ಸ್ ಡಾಟ್ ನೆಟ್ ಎಂಬಲ್ಲಿ 4,000ಕ್ಕೂ ಹೆಚ್ಚು ಕಪ್ಪುಬಿಳುಪು ಚಿಹ್ನೆಗಳು ಬಿವೈ ಷರತ್ತಿನಲ್ಲಿ ಸಿಗುತ್ತವೆ. ಪಾತ್ರದ ಹಾಳೆಗೆ ಇಷ್ಟು ಸಾಕು.

ಇನ್ನು ಸ್ಟಾಕ್ ಚಿತ್ರಗಳು. ಡ್ರೈವ್‌ಥ್ರೂ ಆರ್‌ಪಿಜಿ ಮತ್ತು ಇಚ್ ಡಾಟ್ ಐಓ ತಾಣಗಳಲ್ಲಿ ಕಲಾವಿದರು ಬರೆದಿಟ್ಟ ಚಿತ್ರಗಳ ಬಳಕೆಯ ಹಕ್ಕನ್ನು ಕೆಲವೇ ಡಾಲರಿಗೆ ಮಾರುತ್ತಾರೆ. ಒಂದೇ ಚಿತ್ರ ಹತ್ತು ಜನರ ಪುಸ್ತಕದಲ್ಲಿ ಬರಬಹುದು, ಅದರಿಂದಲೇ ಅಗ್ಗ. ವ್ಯವಸ್ಥೆ ಪ್ರಾಮಾಣಿಕವಾದದ್ದು, ಕಲಾವಿದರಿಗೂ ನಾಲ್ಕು ಕಾಸು ಸಿಗುತ್ತದೆ. ಆದರೆ ಅಲ್ಲಿರುವುದು ಹೆಚ್ಚಾಗಿ ಯುರೋಪಿನ ಲೋಕ. ಚೂಪು ಗೋಪುರದ ಕೋಟೆ, ಕಬ್ಬಿಣದ ಅಂಗಿ ತೊಟ್ಟ ಸವಾರ, ಹಿಮ ಬಿದ್ದ ಕಾಡು. ಕೆಂಪು ಮುರ ಕಲ್ಲಿನ ಬೀದರಿಗೆ, ಕರಿ ಎರೆ ಹೊಲದ ಭಾಲ್ಕಿಗೆ ಅವು ಒಗ್ಗುವುದಿಲ್ಲ. ಅಗ್ಗವೆಂದು ತಂದು ಹಾಕಿದರೆ ಬರಹ ಒಂದು ಊರಿನದು, ಚಿತ್ರ ಇನ್ನೊಂದು ಊರಿನದು ಆಗುತ್ತದೆ.

ಯಂತ್ರದಿಂದ ಮಾಡಿಸುವ ಎಐ ಚಿತ್ರದ ಬಗ್ಗೆ ನನ್ನ ನಿಲುವು ಸ್ಪಷ್ಟ: ಬೇಡ. ಕಲಾವಿದರ ಕೃತಿಗಳನ್ನು ಕೇಳದೆ ಬಳಸಿಕೊಂಡು ಕಲಿತ ಯಂತ್ರ ಅದು ಎಂಬುದು ಮೊದಲ ಕಾರಣ. ಪಾತ್‌ಫೈಂಡರ್ ಆಟದ ಪ್ರಕಾಶಕರಾದ ಪೈಜೊ 2023ರಲ್ಲೇ ಅಂಥ ಚಿತ್ರಗಳನ್ನು ತೆಗೆದುಕೊಳ್ಳುವುದಿಲ್ಲ ಎಂದು ಸಾರಿತು. ಅದೇ ವರ್ಷ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪುಸ್ತಕವೊಂದರಲ್ಲಿ ಎಐ ನೆರವಿನ ಚಿತ್ರ ಕಾಣಿಸಿಕೊಂಡಾಗ ಆಡುವವರೇ ಸಿಟ್ಟಾದರು, ವಿಜಾರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ ತನ್ನ ಕಲಾವಿದರಿಗೆ ಹೊಸ ಸೂಚನೆ ಕೊಡಬೇಕಾಯಿತು. ಎರಡನೆಯ ಕಾರಣ ಇನ್ನೂ ಹತ್ತಿರದ್ದು. ಜಗತ್ತಿನಲ್ಲಿ ಹೆಚ್ಚು ಬಾರಿ ಕಂಡದ್ದನ್ನೇ ಆ ಯಂತ್ರ ಮತ್ತೆ ಕೊಡುತ್ತದೆ. ಬಹಮನಿ ಅರಮನೆ ಕೇಳಿದವರಿಗೆ ಆಗ್ರಾ, ಜೈಪುರ ಬೆರೆಸಿದ ಯಾವುದೋ ಅರಮನೆ ಸಿಗುತ್ತದೆ. ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿನ ಗುಮ್ಮಟದ ಆಕಾರ ಅಷ್ಟೂರಿಗೆ ಹೋಗಿ ನೋಡಿದವರ ಕೈಯಲ್ಲೇ ಬರಬೇಕು.

ಅಗ್ಗದ ಮುದ್ರಣ ಎಂದರೆ ಒಂದೇ ಬಣ್ಣದ ಮುದ್ರಣ. ಬೀದರಿನವರಿಗೆ ಇದು ಕೊರತೆಯಲ್ಲ, ಅನುಕೂಲ. ಈ ಊರಿನ ಎರಡು ದೊಡ್ಡ ಕಲೆಗಳು ಕಪ್ಪುಬಿಳುಪಿನವೇ. ಕೋಟೆಯ ರಂಗೀನ್ ಮಹಲಿನಲ್ಲಿ ಬಹಮನಿಗಳ ನಂತರ ಆಳಿದ ಬರೀದ್ ಶಾಹಿಗಳ ಕಾಲದ ಕರಿಕಲ್ಲಿನ ಚೌಕಟ್ಟುಗಳಿವೆ, ಅವುಗಳಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಬಳ್ಳಿಗಳಿವೆ. ಇನ್ನೊಂದು ಬಿದ್ರಿ. ಹದಿನಾರು ಪಾಲು ಸತು, ಒಂದು ಪಾಲು ತಾಮ್ರದ ಎರಕದ ಪಾತ್ರೆಯನ್ನು ಅರದಿಂದ ಉಜ್ಜಿ ನಯ ಮಾಡುತ್ತಾರೆ. ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಆಮೇಲೆ ಕುಶಲಕರ್ಮಿ ಚೂಪಾದ ಮೊಳೆಯಂಥ ಉಪಕರಣ ಹಿಡಿದು ಆ ಮೈಮೇಲೆ ನೇರವಾಗಿ ಬಳ್ಳಿ, ಹೂವು, ಎಲೆ ಬರೆಯುತ್ತ ಹೋಗುತ್ತಾನೆ. ಪಾತ್ರೆ ಉರುಟು, ಗೆರೆ ಹೊರಟಲ್ಲಿಗೇ ಬಂದು ಸೇರಬೇಕು. ಬಳ್ಳಿಯ ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಜಾಗ ಹೆಚ್ಚು ಕಡಿಮೆ ಆಗುವಂತಿಲ್ಲ. ಗೆರೆಯನ್ನು ಉಳಿಯಿಂದ ತೋಡಿ, ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಕೂರಿಸಿ, ಕೊನೆಗೆ ಬೆಚ್ಚಗೆ ಮಾಡಿ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ಪಾಕ ತಿಕ್ಕಿದಾಗ ಲೋಹ ಕಾಡಿಗೆಯಂತಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ.

ಈ ಗೆರೆಯ ಕೆಲಸ ಒಂದೇ ಬಣ್ಣದ ಅಚ್ಚಿಗೆ ಹೇಳಿ ಮಾಡಿಸಿದ್ದು. ಬೂದು ಛಾಯೆ ಇಲ್ಲ, ಆದ್ದರಿಂದ ಜೆರಾಕ್ಸ್ ಯಂತ್ರದಲ್ಲೂ ಕೆಡುವುದಿಲ್ಲ. ಕಾಗದದ ಮೇಲೆ ಇಂಡಿಯನ್ ಇಂಕಿನಲ್ಲಿ ಬರೆಸಿ 600 ಡಿಪಿಐನಲ್ಲಿ ಕಪ್ಪುಬಿಳುಪಾಗಿ ಸ್ಕ್ಯಾನ್ ಮಾಡಿದರೆ ಆಯಿತು. ಗವಾನ್ ಮದರಸಾದ ಮಿನಾರಿನ ಅಂಕುಡೊಂಕು ಪಟ್ಟೆಯನ್ನು ಪುಟದ ಅಂಚಿಗೆ, ರಂಗೀನ್ ಮಹಲಿನ ಬಳ್ಳಿಯನ್ನು ಅಧ್ಯಾಯದ ತಲೆಗೆ ತರಬಹುದು. ನಕಾಶೆಗೆ ನೌಬಾದಿನ ಕಾರೇಜ್ ಇದೆ. ನೆಲದೊಳಗೆ ಹರಿಯುವ ನೀರಿನ ಸುರಂಗ, ಅದಕ್ಕೆ ಅಲ್ಲಲ್ಲಿ ಬಾವಿಯಂಥ ಗಾಳಿಕಿಂಡಿ. ಪಾಶ್ಚಾತ್ಯ ಆಟದವರು ಕಲ್ಪಿಸಿಕೊಂಡು ಬರೆಯುವ ಪಾತಾಳದ ಕೋಣೆಗಳು ನಮ್ಮಲ್ಲಿ ಐದಾರು ಶತಮಾನದಿಂದ ನಿಜವಾಗಿಯೇ ಇವೆ. ಬಿದ್ರಿಗೆ 2006ರಲ್ಲಿ ಬಂದ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಿದ್ರಿ ಎಂಬ ಹೆಸರಿನಲ್ಲಿ ಮಾರುವ ವಸ್ತುವಿಗೆ ಸಂಬಂಧಿಸಿದ್ದು, ಪುಸ್ತಕದ ಅಂಚಿನ ಬಳ್ಳಿಗೆ ಅದು ತೊಡಕಾಗದು. ಆದರೆ ಈಗಿನ ಕುಶಲಕರ್ಮಿಯೊಬ್ಬರು ತಾವೇ ಕಟ್ಟಿದ ಹೊಸ ವಿನ್ಯಾಸವನ್ನು ಅಂಗಡಿಯಲ್ಲಿ ಫೋಟೊ ಹೊಡೆದು ತಂದು ಬಳಸುವುದು ಕಳವೇ. 2023ರಲ್ಲಿ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಕಸುಬಿನವರಿಗೆ ಒಂದು ವಿನ್ಯಾಸಕ್ಕೆ ಇಂತಿಷ್ಟು ಎಂದು ದುಡ್ಡು ಕೊಟ್ಟು ಕಾಗದದ ಮೇಲೆ ಬರೆಸಿಕೊಂಡರೆ ಆ ಹೆಮ್ಮೆಗೆ ಅರ್ಥ ಬರುತ್ತದೆ.

ಮನುಷ್ಯರ, ಪ್ರಾಣಿಗಳ, ಗುಕುಕ್‌ನ ಚಿತ್ರ ಬರೆಯುವವರು? ದೂರ ಹೋಗಬೇಕಿಲ್ಲ. ಪ್ರತಿ ತಾಲೂಕಿನಲ್ಲೂ ಡ್ರಾಯಿಂಗ್ ಮಾಸ್ತರರಿದ್ದಾರೆ, ಅವರ ಕೈಕೆಳಗೆ ಲೋವರ್, ಹೈಯರ್ ಗ್ರೇಡ್ ಪರೀಕ್ಷೆ ಪಾಸಾದ ಹುಡುಗ ಹುಡುಗಿಯರಿದ್ದಾರೆ. ಕಲಬುರಗಿಯಲ್ಲಿ ಐಡಿಯಲ್ ಫೈನ್ ಆರ್ಟ್ ಸಂಸ್ಥೆಯ ಎಂ.ಎಂ.ಕೆ. ದೃಶ್ಯಕಲಾ ಕಾಲೇಜಿದೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾದ ಬೋರ್ಡ್ ಪೇಂಟರುಗಳಿದ್ದಾರೆ. ಇವರಿಗೆ ಆಟದ ಲೋಕ ಹೊಸದು, ಆದ್ದರಿಂದ ಬರೀ ಮೂರು ಸಾಲಿನ ವಾಟ್ಸ್ಯಾಪ್ ಸಂದೇಶ ಕಳಿಸಿ ಚಿತ್ರ ಕೇಳಬಾರದು. ಎದುರಿಗೆ ಕೂತು ಕತೆ ಹೇಳಬೇಕು, ಸಾಧ್ಯವಾದರೆ ಒಂದು ಸಂಜೆ ಅವರನ್ನೂ ಆಟಕ್ಕೆ ಕೂರಿಸಿಕೊಳ್ಳಬೇಕು. ಚಿತ್ರದ ಅಳತೆ, ಕಪ್ಪುಬಿಳುಪೋ ಬಣ್ಣವೋ, ಎಷ್ಟು ಸಲ ತಿದ್ದಿಸಬಹುದು ಎನ್ನುವುದು ಮೊದಲೇ ಇತ್ಯರ್ಥವಾಗಬೇಕು. ಪೆನ್ಸಿಲ್ ಕರಡು ನೋಡಿ ಒಪ್ಪಿದ ಮೇಲೆ ಮಸಿ ಹಾಕಿಸಿದರೆ ಇಬ್ಬರ ಶ್ರಮವೂ ಉಳಿಯುತ್ತದೆ.

ದರದ ಮಾತಿನಲ್ಲಿ ನಮ್ಮವರು ಎಡವುವುದು ಹೆಚ್ಚು. ಹೆಸರು ಬರುತ್ತದೆ, ಈಗ ಬರೆದುಕೊಡಿ ಎನ್ನುವ ಮಾತು ಕಲಾವಿದರಿಗೆ ಮಾಡುವ ಅವಮಾನ. ಪುಟದ ಲೆಕ್ಕಕ್ಕಿಂತ ದಿನದ ಲೆಕ್ಕ ನ್ಯಾಯವಾದದ್ದು: ಮುಖಪುಟಕ್ಕೆ ನಾಲ್ಕು ದಿನ ಬೇಕಾದರೆ ನುರಿತ ಕೆಲಸಗಾರರ ನಾಲ್ಕು ದಿನದ ಪಗಾರ ಕೊಡಬೇಕು, ಬಣ್ಣ-ಕಾಗದದ ಖರ್ಚು ಬೇರೆ. ಕೈಯಲ್ಲಿ 10,000 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಅದನ್ನು ಇಪ್ಪತ್ತು ಚಿತ್ರಗಳಿಗೆ ಹಂಚಿದರೆ ಇಪ್ಪತ್ತೂ ಅರೆಬರೆ. ಮುಖಪುಟಕ್ಕೂ ಯಾರೂ ಬರೆಯದ ಎರಡು ಮೂರು ಚಿತ್ರಗಳಿಗೂ ಅದನ್ನೆಲ್ಲ ಕೊಟ್ಟು, ಉಳಿದ ಪುಟಗಳನ್ನು ಮುಕ್ತ ಸಂಗ್ರಹದಿಂದ ತುಂಬುವುದೇ ಸರಿ. ಜಗತ್ತಿನಲ್ಲಿ ಈಗಾಗಲೇ ಇರುವುದಕ್ಕೆ ದುಡ್ಡು ಹಾಕಬೇಡಿ, ಇಲ್ಲದ್ದನ್ನು ಮಾಡಿಸಲು ಜಿಪುಣತನ ಮಾಡಬೇಡಿ.

ಮಾತು ಮುಗಿದ ಮೇಲೆ ಕಾಗದ ಆಗಬೇಕು. ಹಣ ಕೊಟ್ಟು ಬರೆಸಿದ ವರ್ಣಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದೇ ಎಂದು ಕಾಪಿರೈಟ್ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಇದು ಎಷ್ಟೋ ಕಲಾವಿದರಿಗೆ ಗೊತ್ತಿಲ್ಲ, ಗೊತ್ತಿಲ್ಲದ್ದರ ಲಾಭ ಪಡೆಯಬಾರದು. ಗೆರೆಚಿತ್ರ, ನಕಾಶೆಗಳಿಗೂ ಅದೇ ಅನ್ವಯವೇ ಎಂಬ ತಕರಾರು ಏಳಬಹುದು. ಹಕ್ಕನ್ನು ವರ್ಗಾಯಿಸುವುದಾದರೆ 19ನೇ ಕಲಮಿನ ಪ್ರಕಾರ ಬರವಣಿಗೆಯಲ್ಲಿ, ಸಹಿ ಸಹಿತ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದೇ ಲೆಕ್ಕ. ಅಮೆರಿಕದ ಕನ್ನಡಿಗರಿಗೆ ಪಿಡಿಎಫ್ ಮಾರಬೇಕೆನ್ನುವವರು ಇದನ್ನು ಮರೆತರೆ ಪೇಚಿಗೆ ಸಿಲುಕುತ್ತಾರೆ. ಚಿತ್ರದ ಹಕ್ಕು ಕಲಾವಿದರಲ್ಲೇ ಇರಲಿ, ಈ ಆಟದ ಪುಸ್ತಕ, ಪಿಡಿಎಫ್ ಮತ್ತು ಪ್ರಚಾರಕ್ಕೆ ಎಲ್ಲ ದೇಶಗಳಲ್ಲೂ ಬಳಸುವ ಅನುಮತಿ ನಮಗಿರಲಿ ಎಂದು ಕನ್ನಡದಲ್ಲೇ ಒಂದು ಪುಟ ಬರೆದು ಇಬ್ಬರೂ ಸಹಿ ಹಾಕುವುದು ನನಗೆ ಕಾಣುವ ಒಳ್ಳೆಯ ದಾರಿ. ಹಕ್ಕು ಯಾರದಾದರೂ ಹೆಸರು ಹಾಕುವುದು ತಪ್ಪುವುದಿಲ್ಲ, 57ನೇ ಕಲಮು ಅದನ್ನು ಕಾಯುತ್ತದೆ. ಬರೆಯುವವರಿಗೆ 18 ತುಂಬಿಲ್ಲದಿದ್ದರೆ ಅವರೊಡನೆ ಮಾಡಿಕೊಂಡ ಒಪ್ಪಂದ ನಿಲ್ಲುವುದಿಲ್ಲ. ತಂದೆ ತಾಯಿಯನ್ನು ಕೂರಿಸಿಕೊಂಡೇ ಮಾತಾಡಬೇಕು.

ಆಟಕ್ಕೂ ಚಿತ್ರಕ್ಕೂ ಕನ್ನಡ ನಾಡಿನಲ್ಲಿ ಹಳೆಯ ನಂಟಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಗಂಜೀಫ ಎಲೆಯಾಟಗಳನ್ನು ಕಟ್ಟಿದರು. ಅವರ ಚಾಮುಂಡೇಶ್ವರಿ ಗಂಜೀಫದಲ್ಲಿ 320 ಎಲೆ, ಎಲೆಎಲೆಗೂ ಚಿತ್ರ. ಅವರ ಸಚಿತ್ರ ‘ಶ್ರೀತತ್ವನಿಧಿ’ಯಲ್ಲಿ ಆಟಗಳಿಗೆಂದೇ ‘ಕೌತುಕನಿಧಿ’ ಎಂಬ ಭಾಗವಿದೆ. ಅದೆಲ್ಲ ಅರಮನೆಯ ಖಜಾನೆಯಿಂದ ಆದದ್ದು. ಈಗ ಆಟ ಬರೆಯುವವರಿಗೆ ಖಜಾನೆ ಇಲ್ಲ, ಆದರೆ ಆ ಚಿತ್ರಗಳ ಹಕ್ಕು ಎಂದೋ ಮುಗಿದಿದೆ, ಅವು ಜನರ ಸ್ವತ್ತು. ಆದ್ದರಿಂದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ರಾಜ್ಯದ ಪುರಾತತ್ವ, ಸಂಗ್ರಹಾಲಯಗಳ ಇಲಾಖೆ ಮತ್ತು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಒಂದು ಬೇಡಿಕೆ ಇಡುತ್ತೇನೆ: ನಿಮ್ಮಲ್ಲಿರುವ ಹಕ್ಕು ಮುಗಿದ ಹಸ್ತಪ್ರತಿ, ಚಿತ್ರ, ನಕ್ಷೆಗಳನ್ನು ಅಚ್ಚಿಗೆ ಒದಗುವ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿಸಿ, ವ್ಯಾಪಾರದ ಬಳಕೆಗೂ ಅಡ್ಡಿಯಿಲ್ಲವೆಂದು ಬರೆದು, ಎಲ್ಲರಿಗೂ ಬಿಟ್ಟುಕೊಡಿ. ಔರಾದಿನ ಹುಡುಗಿಯೊಬ್ಬಳು ತನ್ನ ಸೀಮೆಯ ಚಿತ್ರವನ್ನು ನ್ಯೂಯಾರ್ಕಿನಿಂದ ಪಡೆಯುವಷ್ಟೇ ಸುಲಭವಾಗಿ ಮೈಸೂರಿನಿಂದ, ಬೆಂಗಳೂರಿನಿಂದ, ಬೀದರಿನಿಂದಲೂ ಪಡೆಯುವಂತಾಗಬೇಕು.